ಸಂಬಳ ಕೊಟ್ಟ ಕಂಪನಿ, ಇಳಿವಯಸ್ಸಿನ ಹಣ

ಕಳೆದ ತಪಸ್ಸುಕಾಲದ ಒಂದು ಭಾನುವಾರ. ಮೊದಲ ಪೂಜೆ ಮುಗಿಸಿ ಪೂಜಾವಸ್ತ್ರ ಕಳಚುತ್ತಿದ್ದೆ. ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ದಪ್ಪನೆಯ ಲಕೋಟೆ. ಮಗಳ ಮದುವೆಯ ಕರೆಯೋಲೆ ಇರಬೇಕೆಂದುಕೊಂಡೆ. ನೋಡಿದರೆ ಅವರು ಕೆಲಸ ಮಾಡುವ ಕಂಪನಿಯಿಂದ ಬಂದ ಕಾಗದ.

"ಸ್ವಾಮಿ, ನಮ್ಮ ಕಂಪನಿ ಎರಡು ಭಾಗ ಆಗ್ತದಂತೆ. ಷೇರು ಇರೋರಿಗೆಲ್ಲ ಈ ಪುಸ್ತಕ ಕಳಿಸಿದ್ದಾರೆ. ಇಂಗ್ಲಿಷು ಅರ್ಥ ಆಗಲಿಲ್ಲ. ಒಂದಿಷ್ಟು ನೋಡ್ತೀರಾ?" ಎಂದರು.

ಕಾಫಿ ಕುಡಿಯುತ್ತಾ ಮಾತಿಗೆ ಕೂತೆವು. ಬೆಂಗಳೂರಿನ ಹೊರವಲಯದ ಆ ಕಾರ್ಖಾನೆಯಲ್ಲಿ ಅವರದು 31 ವರ್ಷದ ದುಡಿಮೆ. ಇನ್ನು ಆರು ತಿಂಗಳಿಗೆ ನಿವೃತ್ತಿ. ಭವಿಷ್ಯನಿಧಿಯಲ್ಲಿ, ಅಂದರೆ ನಾವೆಲ್ಲ ಹೇಳುವ ಪಿ.ಎಫ್.ನಲ್ಲಿ, 28 ಲಕ್ಷ ರೂಪಾಯಿ ಕೂಡಿದೆ. ನೌಕರರಿಗೆಂದು ಕಂಪನಿ ಕಡಿಮೆ ಬೆಲೆಗೆ ಕೊಟ್ಟ ಷೇರುಗಳೂ ಒಂದಿಷ್ಟು ಇವೆ. ಕಂಪನಿ ಒಡೆದ ಮೇಲೆ ಷೇರಿನ ಬೆಲೆ ದುಪ್ಪಟ್ಟಾಗುತ್ತದೆಂದು ಕ್ಯಾಂಟೀನಿನಲ್ಲಿ ಎಲ್ಲರೂ ಹೇಳುತ್ತಿದ್ದಾರಂತೆ. ನಿವೃತ್ತಿಯ ದಿನ ಬರುವ ಹಣದಲ್ಲಿ 20 ಲಕ್ಷವನ್ನು ಅದೇ ಕಂಪನಿಯ ಷೇರಿಗೆ ಹಾಕಬೇಕೆಂಬುದು ಅವರ ಆಲೋಚನೆ. ಲೆಕ್ಕಾಚಾರಕ್ಕಿಂತ ನನ್ನ ಮನಸ್ಸಿಗೆ ತಟ್ಟಿದ್ದು ಅವರು ಕೊನೆಯಲ್ಲಿ ಆಡಿದ ಮಾತು: "ಮೂವತ್ತೊಂದು ವರ್ಷ ಅನ್ನ ಹಾಕಿದ ಕಂಪನಿ, ಸ್ವಾಮಿ. ಅದು ನನಗೆ ಮೋಸ ಮಾಡೋದಿಲ್ಲ."

ಪ್ರಿಯ ಓದುಗರೇ, ಈ ಪುಟದಲ್ಲಿ ಷೇರಿನ ವಿಷಯವೇಕೆ ಎಂದು ನೀವು ಕೇಳಬಹುದು. ಮನೆಯ ಹಣ ಮನೆಯವರ ನೆಮ್ಮದಿಯ ವಿಷಯ. ನೆಮ್ಮದಿ ಕೆಟ್ಟ ಮನೆಗಳಿಗೆ ಕರೆ ಬಂದಾಗ ಹೋಗುವವರು ನಾವೇ. ಅಲ್ಲದೆ ನಾನೂ ಒಬ್ಬ ಸಣ್ಣ ಷೇರುದಾರ. ನಗಬೇಡಿ. ಧರ್ಮಪ್ರಾಂತ್ಯದ ಗುರುಗಳು ಮಠವಾಸಿಗಳಂತೆ ಬಡತನದ ವ್ರತ ತೊಡುವುದಿಲ್ಲ. ಹೆತ್ತವರು ಬಿಟ್ಟುಹೋದದ್ದನ್ನು ಇಟ್ಟುಕೊಳ್ಳಲು ನಮಗೆ ಅನುಮತಿಯಿದೆ. ನನ್ನ ತಂದೆ ಮೂರ್ನಾಲ್ಕು ಕಂಪನಿಗಳ ಷೇರುಗಳನ್ನು ಬಿಟ್ಟುಹೋದರು. ಅವುಗಳನ್ನು ನೋಡಿಕೊಳ್ಳುತ್ತಾ ಕಲಿತದ್ದು ಒಂದಿಷ್ಟು, ನೋಡಿಕೊಳ್ಳದೆ ಕಳೆದುಕೊಂಡದ್ದು ಒಂದಿಷ್ಟು. ಯಾವ ಷೇರು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ನಾನು ಹೇಳಲಾರೆ; ಆ ವಿದ್ಯೆ ನನಗಿಲ್ಲ. ಆದರೆ ಆ ಹಿರಿಯರ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿದ್ದವು. ಆ ಗಂಟನ್ನು ಬಿಚ್ಚಿ ನೋಡೋಣ.

ಸಾಲ ಕೊಡುವುದು, ಪಾಲು ಹಾಕುವುದು

ಗುರುಮಠದಲ್ಲಿ ಓದುವಾಗ ಸಂತ ತೋಮಸ್ ಅಕ್ವಿನಾಸರ ಮಹಾಗ್ರಂಥದಲ್ಲಿ ಬಡ್ಡಿಯನ್ನು ಕುರಿತ ಭಾಗವನ್ನು ನಮಗೆ ಪಾಠ ಮಾಡಿದ್ದರು. ಹದಿಮೂರನೆಯ ಶತಮಾನದ ಬರಹ. ಆಗ ತೂಕಡಿಸಿದ್ದೆ; ತಂದೆಯ ಷೇರುಗಳು ಕೈಗೆ ಬಂದ ಮೇಲೆ ಪುಟ ತೆರೆದು ಮತ್ತೆ ಓದಿದೆ. ಅಲ್ಲಿ ಅವರು ಒಂದು ವ್ಯತ್ಯಾಸವನ್ನು ತೋರಿಸುತ್ತಾರೆ. ಒಬ್ಬನಿಗೆ ಹಣವನ್ನು ಸಾಲವಾಗಿ ಕೊಟ್ಟರೆ ಆ ಹಣ ಅವನದಾಗುತ್ತದೆ. ನಷ್ಟವಾದರೆ ಅವನದು, ನಿನಗೆ ನಿನ್ನ ಅಸಲು ಬರಬೇಕು. ಆದರೆ ವ್ಯಾಪಾರಿಯ ಜೊತೆ ಪಾಲುಗಾರನಾಗಿ ಹಣ ಹಾಕಿದರೆ ಆ ಹಣ ನಿನ್ನದಾಗಿಯೇ ಉಳಿಯುತ್ತದೆ. ಅವನು ವ್ಯಾಪಾರ ಮಾಡುವುದು ನಿನ್ನ ಅಪಾಯದ ಮೇಲೆ. ಆದುದರಿಂದಲೇ ಲಾಭದಲ್ಲಿ ನಿನಗೆ ನ್ಯಾಯವಾದ ಪಾಲಿದೆ.

ಷೇರು ಎಂದರೆ ಇಷ್ಟೇ. ಅಪಾಯವನ್ನು ಹೊತ್ತದ್ದಕ್ಕೆ ಸಿಗುವ ಪಾಲು. ಅಪಾಯ ಬೇಡ, ಪಾಲು ಮಾತ್ರ ಬೇಕು ಎನ್ನುವಂತಿಲ್ಲ. ಬ್ಯಾಂಕಿನಲ್ಲಿ ಠೇವಣಿ ಇಟ್ಟವನು ಸಾಲ ಕೊಟ್ಟವನು; ಷೇರು ಕೊಂಡವನು ಪಾಲುಗಾರ. ಕಂಪನಿ ಮುಳುಗಿದರೆ ಉಳಿದ ಸೊತ್ತಿನಲ್ಲಿ ಸಾಲ ಕೊಟ್ಟವರದು, ಕೂಲಿ ಬಾಕಿಯವರದು, ಸರ್ಕಾರದ್ದು ಎಲ್ಲ ತೀರಿದ ಮೇಲೆ ಸಾಲಿನ ಕೊನೆಯಲ್ಲಿ ನಿಲ್ಲುವವನು ಈ ಪಾಲುಗಾರ. ಸಾಮಾನ್ಯವಾಗಿ ಅವನ ಸರದಿ ಬರುವಷ್ಟರಲ್ಲಿ ಪಾತ್ರೆಯಲ್ಲಿ ಏನೂ ಇರುವುದಿಲ್ಲ. ಇದರಲ್ಲಿ ಮೋಸವೇನಿಲ್ಲ. ಒಪ್ಪಂದವೇ ಹಾಗೆ.

ಆ ಹಿರಿಯರ "ಮೋಸ ಮಾಡೋದಿಲ್ಲ" ಎಂಬ ಮಾತು ಇಲ್ಲಿ ಸಲ್ಲುವುದಿಲ್ಲ. ಪ್ರಾಮಾಣಿಕ ಕಂಪನಿಯೂ ನಷ್ಟಕ್ಕೆ ಬೀಳಬಹುದು.

ಹಲಸಿನ ಹಣ್ಣಿನ ಲೆಕ್ಕ

ಇನ್ನು ಕಂಪನಿ ಒಡೆಯುವ ವಿಚಾರ. ಪತ್ರಿಕೆಗಳಲ್ಲಿ ಇದಕ್ಕೆ ಮರುರಚನೆ, ವಿಭಜನೆ ಎಂಬ ದೊಡ್ಡ ಹೆಸರುಗಳಿವೆ. ಒಂದು ಕಂಪನಿ ತನ್ನ ಎರಡು ಕಸುಬುಗಳನ್ನು ಬೇರೆ ಮಾಡಿ ಎರಡು ಕಂಪನಿಗಳನ್ನಾಗಿ ನಡೆಸಲು ತೀರ್ಮಾನಿಸುತ್ತದೆ. ಷೇರುದಾರರು, ಸಾಲಗಾರರು ಒಪ್ಪಬೇಕು. ಕಂಪನಿ ಕಾನೂನು ನ್ಯಾಯಮಂಡಳಿಯ ಒಪ್ಪಿಗೆಯೂ ಬೇಕು. ಆಮೇಲೆ ಹಳೆಯ ಕಂಪನಿಯ ಷೇರು ಇದ್ದವರಿಗೆ ಹೊಸ ಕಂಪನಿಯ ಷೇರುಗಳನ್ನು ಹಣ ಪಡೆಯದೆ ಕೊಡುತ್ತಾರೆ. "ಪುಕ್ಕಟೆ ಷೇರು ಬಂತು" ಎಂದು ಜನ ಹಿಗ್ಗುವುದು ಆಗಲೇ.

ಪುಕ್ಕಟೆ ಏನೂ ಬಂದಿರುವುದಿಲ್ಲ. ಹಲಸಿನ ಹಣ್ಣನ್ನು ಎರಡು ಹೋಳು ಮಾಡಿದ ಮಾತ್ರಕ್ಕೆ ಒಳಗಿನ ತೊಳೆ ಹೆಚ್ಚುವುದುಂಟೇ? 2023ರ ಜುಲೈನಲ್ಲಿ ರಿಲಯನ್ಸ್ ಇಂಡಸ್ಟ್ರೀಸ್ ತನ್ನ ಹಣಕಾಸು ಕಸುಬನ್ನು ಜಿಯೋ ಫೈನಾನ್ಷಿಯಲ್ ಎಂಬ ಬೇರೆ ಕಂಪನಿಯಾಗಿ ಬೇರ್ಪಡಿಸಿತು. ಒಂದು ಷೇರಿಗೆ ಒಂದು ಹೊಸ ಷೇರು. ಹಿಂದಿನ ದಿನ, ಜುಲೈ 19ರಂದು, ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ರಿಲಯನ್ಸ್ ಷೇರಿನ ಬೆಲೆ 2,841.85 ರೂಪಾಯಿ. ಮರುದಿನ ಬೆಳಿಗ್ಗೆ ನಡೆದ ವಿಶೇಷ ವಹಿವಾಟಿನಲ್ಲಿ ಅದೇ ಷೇರು 2,580 ರೂಪಾಯಿಗೆ ನಿಂತಿತು. ಕಡಿಮೆಯಾದ 261.85 ರೂಪಾಯಿಯೇ ಹೊಸ ಕಂಪನಿಯ ಷೇರಿನ ಬೆಲೆ ಎಂದು ಗೊತ್ತುಮಾಡಿದರು. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದಂತೆ. ಆ ನಂತರ ಎರಡೂ ಏರುತ್ತವೋ ಇಳಿಯುತ್ತವೋ ಎಂಬುದು ಎರಡೂ ಕಸುಬುಗಳು ಹೇಗೆ ನಡೆಯುತ್ತವೆ ಎಂಬುದಕ್ಕೆ ಬಿಟ್ಟ ವಿಷಯ.

ಬೇರ್ಪಡಿಸಿದ್ದರಿಂದ ಒಳ್ಳೆಯದಾದ ಕಂಪನಿಗಳು ಇಲ್ಲವೆಂದಲ್ಲ. ಅದೇ ಬೆಂಗಳೂರಿನವರು ಎಚ್.ಎಂ.ಟಿ.ಯನ್ನು ನೆನೆಯಿರಿ. 1953ರಲ್ಲಿ ಹುಟ್ಟಿ, 1961ರಿಂದ ಕೈಗಡಿಯಾರ ಮಾಡಿ, ನಮ್ಮ ಎಷ್ಟೋ ಮನೆಗಳಲ್ಲಿ ಮದುವೆಯ ಉಡುಗೊರೆಯೆಂದರೆ ಎಚ್.ಎಂ.ಟಿ. ಗಡಿಯಾರವೇ ಎಂಬಂತೆ ಮಾಡಿದ ಕಂಪನಿ. 2000ದ ಸುಮಾರಿಗೆ ಅದನ್ನೂ ಮರುರಚಿಸಿ, ಗಡಿಯಾರಕ್ಕೆ ಒಂದು, ಯಂತ್ರೋಪಕರಣಕ್ಕೆ ಒಂದು ಎಂದು ಅಂಗಸಂಸ್ಥೆಗಳನ್ನಾಗಿ ಬೇರೆ ಮಾಡಿದರು. ಗಡಿಯಾರದ ಕಂಪನಿ ಚೇತರಿಸಿಕೊಳ್ಳಲಿಲ್ಲ. 2016ರ ಜನವರಿಯಲ್ಲಿ ಅದನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗೋಡೆ ಕಟ್ಟಿ ಮನೆಯನ್ನು ಎರಡು ಮಾಡಿದರೂ ಸೋರುವ ಮಾಡು ಸೋರುತ್ತಲೇ ಇರುತ್ತದೆ.

ಒರೆಗಾನಿನ ಲೈನ್‌ಮನ್‌ಗಳು

ಈಗ ನಾನು ಆ ಹಿರಿಯರಿಗೆ ಹೇಳಿದ ಕಥೆಯನ್ನು ನಿಮಗೂ ಹೇಳುತ್ತೇನೆ. ಕಥೆಯೆಂದರೆ ನಿಜವಾಗಿ ನಡೆದದ್ದು.

ಎನ್ರಾನ್ ಎಂಬ ಹೆಸರನ್ನು ನೀವು ಕೇಳಿರಬೇಕು. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ದಾಭೋಲ್‌ನಲ್ಲಿ ವಿದ್ಯುತ್ ಸ್ಥಾವರ ಕಟ್ಟಿ ದೊಡ್ಡ ವಿವಾದಕ್ಕೆ ಕಾರಣವಾದ ಅಮೆರಿಕದ ಕಂಪನಿ. 2001ರ ಡಿಸೆಂಬರ್ 2ರಂದು ಅದು ದಿವಾಳಿ ಅರ್ಜಿ ಹಾಕಿತು. ಲೆಕ್ಕಪತ್ರದ ಮೋಸ, ಮುಖ್ಯಸ್ಥರಿಗಾದ ಶಿಕ್ಷೆ, ಇವೆಲ್ಲ ಪತ್ರಿಕೆಗಳಲ್ಲಿ ಬಂದ ಸಂಗತಿಗಳು. ನಾನು ಹೇಳಹೊರಟಿರುವುದು ಎನ್ರಾನಿನ ಕೇಂದ್ರ ಕಚೇರಿಯಿದ್ದ ಹ್ಯೂಸ್ಟನ್ ನಗರದಿಂದ ಬಹುದೂರ, ಅಮೆರಿಕದ ಪಶ್ಚಿಮ ತೀರದ ಒರೆಗಾನ್ ರಾಜ್ಯದಲ್ಲಿ ವಿದ್ಯುತ್ ಕಂಬ ಹತ್ತುತ್ತಿದ್ದವರ ವಿಷಯ.

ಅಲ್ಲಿ ಪೋರ್ಟ್‌ಲ್ಯಾಂಡ್ ಜನರಲ್ ಎಲೆಕ್ಟ್ರಿಕ್ ಎಂಬ ಹಳೆಯ ಕಂಪನಿಯಿದೆ. ಅದರ ಮೂಲ 1889ರಷ್ಟು ಹಿಂದಿನದು. ವಿಲಮೆಟ್ ಜಲಪಾತದಿಂದ ಪೋರ್ಟ್‌ಲ್ಯಾಂಡ್ ನಗರಕ್ಕೆ 14 ಮೈಲಿ ತಂತಿ ಎಳೆದು ದೀಪ ಹೊತ್ತಿಸಿದ ಕಂಪನಿಯ ವಾರಸುದಾರ ಅದು. ಮನೆಮನೆಗೆ ವಿದ್ಯುತ್ ಕೊಟ್ಟು ತಿಂಗಳ ಬಿಲ್ಲು ವಸೂಲಿ ಮಾಡುವ, ಸದ್ದುಗದ್ದಲವಿಲ್ಲದ ಕಸುಬು. ಅದರ ಷೇರು ಹೆಚ್ಚು ಏರುತ್ತಲೂ ಇರಲಿಲ್ಲ, ಹೆಚ್ಚು ಇಳಿಯುತ್ತಲೂ ಇರಲಿಲ್ಲ. ಕೆಲಸಗಾರರು ತಮ್ಮ ನಿವೃತ್ತಿಯ ಖಾತೆಯಲ್ಲಿ ಅದೇ ಷೇರನ್ನು ಇಟ್ಟುಕೊಂಡಿದ್ದರು. ಕಣ್ಣೆದುರಿಗಿನ ಕಂಪನಿ, ತಾವೇ ಹತ್ತಿ ಇಳಿಯುವ ಕಂಬಗಳು, ನಂಬದೆ ಇನ್ನೇನು?

ಆ ಖಾತೆಯ ಬಗ್ಗೆ ಎರಡು ಮಾತು. ಅಮೆರಿಕದಲ್ಲಿ ಅದನ್ನು 401(ಕೆ) ಎನ್ನುತ್ತಾರೆ. ಅವರ ತೆರಿಗೆ ಕಾನೂನಿನ ಕಲಮಿನ ಹೆಸರದು. ಕೆಲಸಗಾರ ಸಂಬಳದ ಒಂದು ಪಾಲನ್ನು ಹಾಕುತ್ತಾನೆ, ಕಂಪನಿಯೂ ಒಂದಿಷ್ಟು ಸೇರಿಸುತ್ತದೆ. ಇಷ್ಟರ ಮಟ್ಟಿಗೆ ನಮ್ಮ ಪಿ.ಎಫ್. ಇದ್ದಂತೆ. ಆದರೆ ನಮ್ಮಲ್ಲಿ ವರ್ಷಕ್ಕೊಮ್ಮೆ ಬಡ್ಡಿಯ ದರ ಘೋಷಣೆಯಾಗುತ್ತದೆ. ಅಲ್ಲಿ ಹಣವನ್ನು ಎಲ್ಲಿ ಹೂಡಬೇಕೆಂದು ಕೆಲಸಗಾರನೇ ಆರಿಸಬೇಕು, ಏರಿದರೂ ಇಳಿದರೂ ಅವನದೇ. ನಿಮ್ಮ ಮಕ್ಕಳು ಅಮೆರಿಕದಲ್ಲಿದ್ದರೆ ಅವರಿಗೂ ಇಂಥದೊಂದು ಖಾತೆ ಇದ್ದೀತು. ಅದರಲ್ಲಿ ಸ್ವಂತ ಕಂಪನಿಯ ಷೇರು ಎಷ್ಟಿದೆ ಎಂದು ಮುಂದಿನ ಸಲ ಫೋನಿನಲ್ಲಿ ಕೇಳಿ ನೋಡಿ.

1997ರ ಜುಲೈನಲ್ಲಿ ಎನ್ರಾನ್ ಈ ವಿದ್ಯುತ್ ಕಂಪನಿಯನ್ನು ಕೊಂಡುಕೊಂಡಿತು. ಕೊಂಡದ್ದು ನಗದು ಕೊಟ್ಟಲ್ಲ, ಷೇರಿಗೆ ಷೇರು ಕೊಟ್ಟು. ಅಂದರೆ ಕೆಲಸಗಾರರ ನಿವೃತ್ತಿ ಖಾತೆಯಲ್ಲಿದ್ದ ವಿದ್ಯುತ್ ಕಂಪನಿಯ ಷೇರುಗಳು ಎನ್ರಾನ್ ಷೇರುಗಳಾಗಿ ಬದಲಾದವು. ಕಂಬ ಅದೇ, ಏಣಿ ಅದೇ, ಸಂಬಳದ ದಿನವೂ ಅದೇ. ಆದರೆ ಇಳಿವಯಸ್ಸಿಗೆಂದು ಕೂಡಿಟ್ಟ ಹಣದ ಗುಣವೇ ಬೇರೆಯಾಗಿಹೋಯಿತು. ಬಿಲ್ಲು ವಸೂಲಿಯ ಕಸುಬಿನಲ್ಲಿದ್ದ ಹಣ ಈಗ ವಿದ್ಯುತ್ತನ್ನೂ ಅನಿಲವನ್ನೂ ಸಟ್ಟಾ ಕಟ್ಟೆಯಲ್ಲಿ ಕೊಂಡು ಮಾರುವ ಕಸುಬಿಗೆ ಸೇರಿತು. ಮೊದಲ ಮೂರು ವರ್ಷ ಯಾರಿಗೂ ದೂರಿರಲಿಲ್ಲ. 2000ದ ಆಗಸ್ಟ್‌ನಲ್ಲಿ ಎನ್ರಾನ್ ಷೇರು 90 ಡಾಲರ್ ಮುಟ್ಟಿತು. ಕೆಲಸಗಾರರು ತಮ್ಮ ಖಾತೆಯ ಕಾಗದ ನೋಡಿ ಬೇಗನೆ ನಿವೃತ್ತಿ ಪಡೆಯುವ ಕನಸು ಕಂಡರು. ಆ ಕೊನೆಯ ದಿನಗಳ ಸಂತೋಷವೇ ನನ್ನ ಮನಸ್ಸನ್ನು ಹೆಚ್ಚು ನೋಯಿಸುತ್ತದೆ.

2001ರಲ್ಲಿ ಇಳಿಕೆ ಶುರುವಾಯಿತು. ಸೆಪ್ಟೆಂಬರಿನಲ್ಲಿಯೂ ಕಂಪನಿಯ ಮುಖ್ಯಸ್ಥರು ನೌಕರರಿಗೆ, ಷೇರು ಈಗ ಅಗ್ಗವಾಗಿದೆ, ಕೊಳ್ಳಲು ಒಳ್ಳೆಯ ಕಾಲ ಎಂಬರ್ಥದ ಮಾತನಾಡಿದರು. ಅಕ್ಟೋಬರ್ 16ರಂದು 61.8 ಕೋಟಿ ಡಾಲರ್ ನಷ್ಟ ಘೋಷಣೆಯಾಯಿತು. ಅದೇ ತಿಂಗಳ ಕೊನೆಗೆ ನಿವೃತ್ತಿ ಖಾತೆಗಳನ್ನು ನೋಡಿಕೊಳ್ಳುವ ಸಂಸ್ಥೆಯನ್ನು ಬದಲಾಯಿಸುವ ಕೆಲಸಕ್ಕೆಂದು ಖಾತೆಗಳಿಗೆ ಬೀಗ ಬಿತ್ತು. ನವೆಂಬರಿನ ಮಧ್ಯದವರೆಗೆ ನೌಕರರು ಆ ಖಾತೆಯಿಂದ ಏನನ್ನೂ ಮಾರುವಂತಿರಲಿಲ್ಲ. ನವೆಂಬರ್ 28ರಂದು ಷೇರಿನ ಬೆಲೆ ಒಂದು ಡಾಲರಿಗಿಂತ ಕೆಳಗೆ ಬಿತ್ತು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ಬೀಗವನ್ನೇ ಎಲ್ಲರೂ ದೂರುತ್ತಾರೆ. ಆದರೆ ಬೀಗ ಬೀಳುವ ಮೊದಲೇ ಬೆಲೆಯ ಬಹುಪಾಲು ಕರಗಿತ್ತು. ಕಂಪನಿ ತನ್ನ ಪಾಲಾಗಿ ಕೊಟ್ಟ ಷೇರುಗಳನ್ನು ಐವತ್ತು ವಯಸ್ಸಾಗುವವರೆಗೆ ಮಾರಬಾರದೆಂಬ ನಿಬಂಧನೆ ಇದ್ದದ್ದೂ ನಿಜ. ಇವೆರಡೂ ಅನ್ಯಾಯವೇ, ಆಮೇಲೆ 2002ರಲ್ಲಿ ಮತ್ತು 2006ರಲ್ಲಿ ಬಂದ ಅಮೆರಿಕದ ಕಾನೂನುಗಳು ಇವನ್ನು ಸರಿಪಡಿಸಲು ನೋಡಿದವು. ಆದರೂ 2000ದ ಕೊನೆಗೆ ಎನ್ರಾನ್ ನೌಕರರ ನಿವೃತ್ತಿ ಖಾತೆಗಳಲ್ಲಿದ್ದ ಹಣದಲ್ಲಿ ಶೇಕಡಾ 60ಕ್ಕೂ ಹೆಚ್ಚು ಭಾಗ ಒಂದೇ ಷೇರಿನಲ್ಲಿ, ಎನ್ರಾನಿನಲ್ಲೇ, ಇತ್ತು. ಅದೆಲ್ಲ ಬಲವಂತದಿಂದ ಹಾಕಿಸಿದ್ದಲ್ಲ. ಬೇರೆ ಕಡೆ ಹೂಡುವ ಅವಕಾಶ ಅವರ ಮುಂದಿತ್ತು. ತಾವು ದುಡಿಯುವ ಕಂಪನಿಯನ್ನು ತಾವು ಬಲ್ಲೆವು ಎಂಬ ನಂಬಿಕೆಯಿಂದ ಅಲ್ಲೇ ಹಾಕಿದರು.

ಕೊನೆಗೇನಾಯಿತು ಗೊತ್ತೇ? ಆ ವಿದ್ಯುತ್ ಕಂಪನಿಗೆ ಏನೂ ಆಗಲಿಲ್ಲ. ಪೋರ್ಟ್‌ಲ್ಯಾಂಡಿನ ದೀಪಗಳು ಆರಲಿಲ್ಲ. 2006ರಲ್ಲಿ ಅದು ಮತ್ತೆ ಸ್ವತಂತ್ರ ಕಂಪನಿಯಾಗಿ ಷೇರುಪೇಟೆಗೆ ಬಂತು. ಅದರ ಹೊಸ ಷೇರುಗಳು ಹೋದದ್ದು ಎನ್ರಾನಿಗೆ ಸಾಲ ಕೊಟ್ಟವರಿಗೆ. ಕೆಲಸಗಾರರು ಕೋರ್ಟು ಹತ್ತಿ ಪಡೆದದ್ದು, ಕಳೆದುಕೊಂಡದ್ದರ ಒಂದು ಸಣ್ಣ ಅಂಶ. ಅಕ್ವಿನಾಸರು ಹೇಳಿದ ಸಾಲಗಾರ ಮತ್ತು ಪಾಲುಗಾರರ ವ್ಯತ್ಯಾಸ ನೆನಪಿದೆಯಲ್ಲವೇ?

ಗೋಡೆಯ ಮೊಳೆಗಳು

ಇಷ್ಟು ಹೇಳಿ ನಾನು ಆ ಹಿರಿಯರ ಮುಂದೆ ಒಂದು ಹಾಳೆ ಇಟ್ಟೆ. ನಿಮ್ಮ ಮನೆಯ ಯಾವ ಯಾವ ಹಣ ಯಾವ ಮೊಳೆಗೆ ನೇತಾಡುತ್ತಿದೆ, ಬರೆಯಿರಿ ಎಂದೆ.

ಸಂಬಳ ಕಂಪನಿಯ ಮೊಳೆಗೆ. ಷೇರು ಕಂಪನಿಯ ಮೊಳೆಗೆ. ಗ್ರಾಚ್ಯುಟಿ? ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕದಲ್ಲಿ ಬರುವ ಈ ಹಣ ಪಿ.ಎಫ್. ಹಾಗೆ ತಿಂಗಳು ತಿಂಗಳೂ ಬೇರೆ ಖಾತೆಗೆ ಹೋಗಿ ಕೂರುವುದಿಲ್ಲ. ಕಂಪನಿ ಕೊಡಬೇಕಾದ ಬಾಕಿ ಅದು. ಒಳ್ಳೆಯ ಕಂಪನಿಗಳು ಅದಕ್ಕೆಂದು ವಿಮಾ ನಿಗಮದಲ್ಲಿ ಹಣ ಕಟ್ಟಿರುತ್ತವೆ, ಕಟ್ಟದವೂ ಇವೆ. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಗ್ರಾಚ್ಯುಟಿಗೆ ವಿಮೆ ಕಡ್ಡಾಯವೆಂದು ನಿಯಮ ಹೊರಡಿಸಿದ್ದು ಇದೇ ಕಾರಣಕ್ಕೆ. 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದ ಜೆಟ್ ಏರ್‌ವೇಸ್ ನೌಕರರು ತಮ್ಮ ಪಿ.ಎಫ್., ಗ್ರಾಚ್ಯುಟಿ ಬಾಕಿಗಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಆದ್ದರಿಂದ ಗ್ರಾಚ್ಯುಟಿಯನ್ನೂ ಸದ್ಯಕ್ಕೆ ಕಂಪನಿಯ ಮೊಳೆಗೇ ಬರೆಯಿರಿ ಎಂದೆ.

ಉಳಿದದ್ದು ಪಿ.ಎಫ್. ಸಂಬಳದಿಂದ ಶೇಕಡಾ 12, ಕಂಪನಿಯಿಂದ ಶೇಕಡಾ 12. ಕಂಪನಿಯ ಪಾಲಿನಲ್ಲಿ ಒಂದು ಭಾಗ ಪಿಂಚಣಿಗೆ ಹೋಗುತ್ತದೆ. 1952ರ ಕಾನೂನಿನ ಫಲ ಇದು. ಕಂಪನಿ ಒಡೆಯಲಿ, ಸೇರಲಿ, ಮುಚ್ಚಲಿ, ಒಮ್ಮೆ ನಿಮ್ಮ ಹೆಸರಿಗೆ ಜಮೆಯಾದ ಹಣ ಕಂಪನಿಯ ಸೊತ್ತಲ್ಲ. ಕೆಲವು ದೊಡ್ಡ ಕಂಪನಿಗಳು ಸರ್ಕಾರದ ಅನುಮತಿ ಪಡೆದು ತಮ್ಮದೇ ಟ್ರಸ್ಟಿನ ಮೂಲಕ ಪಿ.ಎಫ್. ನಡೆಸುತ್ತವೆ, ನಿಮ್ಮದು ಅಂಥದೋ ಎಂದು ಕೇಳಿ ತಿಳಿಯಿರಿ. ಅಷ್ಟು ಬಿಟ್ಟರೆ, ಆ ಮನೆಯ ಗೋಡೆಯಲ್ಲಿ ಕಂಪನಿಯದಲ್ಲದ ಮೊಳೆ ಇದ್ದದ್ದು ಇದೊಂದೇ. ಅದರಲ್ಲಿ ನೇತಾಡುವ 28 ಲಕ್ಷದಲ್ಲಿ 20 ಲಕ್ಷವನ್ನು ತೆಗೆದು ಮೊದಲೇ ಭಾರವಾದ ಮೊಳೆಗೆ ತಗುಲಿಸಲು ಅವರು ಹೊರಟಿದ್ದರು.

ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ನೀವೂ ಕೇಳುತ್ತಿರಬಹುದು: "ಹಾಗಾದರೆ ಇನ್ಫೋಸಿಸ್‌ನವರು?"

ಒಳ್ಳೆಯ ಪ್ರಶ್ನೆ. 1993ರಲ್ಲಿ ಷೇರುಪೇಟೆಗೆ ಬಂದ ಆ ಕಂಪನಿ 1994ರಿಂದ ತನ್ನ ನೌಕರರಿಗೆ ಷೇರು ಕೊಟ್ಟು ಎಷ್ಟೋ ಮಂದಿಯನ್ನು ಸಿರಿವಂತರನ್ನಾಗಿ ಮಾಡಿತು. ದುಡಿಯುವವನಿಗೆ ದುಡಿಮೆಯ ಸ್ಥಳದಲ್ಲಿ ಪಾಲು ಇರಬೇಕೆಂಬ ವಿಚಾರ ಧರ್ಮಸಭೆಗೂ ಹೊಸದಲ್ಲ; ಪೋಪ್ ಎರಡನೆಯ ಜಾನ್ ಪೌಲ್ 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ ಅದನ್ನು ಮೆಚ್ಚಿ ಪ್ರಸ್ತಾಪಿಸಿದ್ದಾರೆ. ನಾನು ಅದಕ್ಕೆ ವಿರೋಧಿಯಲ್ಲ. ಕಂಪನಿ ಕೊಟ್ಟ ಷೇರನ್ನು ತೆಗೆದುಕೊಳ್ಳಿ, ಸಂತೋಷಪಡಿ. ಆದರೆ ಆಗ ಇನ್ಫೋಸಿಸ್‌ನಲ್ಲಿದ್ದವರು ಬಹುಪಾಲು ಮೂವತ್ತರೊಳಗಿನ ಹುಡುಗರು. ಬಿದ್ದರೆ ಏಳಲು ಅವರ ಮುಂದೆ ಮೂವತ್ತು ವರ್ಷಗಳಿದ್ದವು. ಅದೇ ಕಾಲದಲ್ಲಿ ಷೇರು ಮಾರಿ ಹೇಳಹೆಸರಿಲ್ಲದೆ ಹೋದ ಕಂಪನಿಗಳ ನೌಕರರ ಕಥೆಯನ್ನು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. 58ರ ವಯಸ್ಸಿನವರ ಲೆಕ್ಕ ಬೇರೆ.

ಹಾಗೆಂದು ಷೇರನ್ನೇ ಮುಟ್ಟಬೇಡಿ ಎಂದೂ ನಾನು ಹೇಳುವುದಿಲ್ಲ. ಬೆಲೆಯೇರಿಕೆ ಎಂಬುದೊಂದಿದೆ, ಬರೀ ಬಡ್ಡಿಯನ್ನೇ ನಂಬಿದವರ ಹಣ ಹದಿನೈದು ವರ್ಷದಲ್ಲಿ ಸದ್ದಿಲ್ಲದೆ ಸವೆಯುತ್ತದೆ. ನಮ್ಮ ಪಿ.ಎಫ್. ಸಂಸ್ಥೆಯೇ 2015ರ ಆಗಸ್ಟ್‌ನಿಂದ ಹೊಸದಾಗಿ ಬರುವ ಹಣದ ಒಂದು ಸಣ್ಣ ಪಾಲನ್ನು ಷೇರುಗಳಲ್ಲಿ ಹೂಡುತ್ತಾ ಬಂದಿದೆ, ಅದೂ ಒಂದೇ ಕಂಪನಿಯಲ್ಲಲ್ಲ, ಹತ್ತಾರು ಕಂಪನಿಗಳ ಗೊಂಚಲಿನಲ್ಲಿ. ಇನ್ನು ಸರ್ಕಾರದ ಹೆಸರು ಕೇಳಿದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬುವುದೂ ಸಲ್ಲ. ಯೂನಿಟ್ ಟ್ರಸ್ಟಿನ ಯು.ಎಸ್. 64 ಯೋಜನೆ ನಮ್ಮ ಹಿರಿಯರಿಗೆ ನೆನಪಿರಬೇಕು. 1964ರಿಂದ ನಿವೃತ್ತರ ಊರುಗೋಲಿನಂತಿದ್ದ ಅದು 2001ರ ಜುಲೈನಲ್ಲಿ ಹಣ ಹಿಂದಿರುಗಿಸುವುದನ್ನು ಆರು ತಿಂಗಳ ಮಟ್ಟಿಗೆ ನಿಲ್ಲಿಸಿಬಿಟ್ಟಿತು. ಒಳಗಿದ್ದದ್ದು ಬಹುಪಾಲು ಷೇರು ಎಂದು ಬಹಳ ಮಂದಿಗೆ ಗೊತ್ತಾದದ್ದೇ ಆಗ.

ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಮುಂದಿನ ಐದು ವರ್ಷದಲ್ಲಿ ಅನ್ನಕ್ಕೆ, ಔಷಧಿಗೆ, ಮಕ್ಕಳ ಮದುವೆಗೆ ಬೇಕಾಗುವ ಹಣ ಷೇರಿನಲ್ಲಿರಬಾರದು. ಅದಕ್ಕೆ ಅಂಚೆ ಕಚೇರಿಯಲ್ಲೇ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿದೆ. 2023ರ ಏಪ್ರಿಲ್‌ನಿಂದ ಅದರ ಮಿತಿ 30 ಲಕ್ಷ ರೂಪಾಯಿಗೆ ಏರಿದೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಅರವತ್ತು ತುಂಬದಿದ್ದರೂ, 55 ದಾಟಿ ನಿವೃತ್ತರಾದವರು ನಿವೃತ್ತಿಯ ಹಣ ಬಂದ ಮೂರು ತಿಂಗಳೊಳಗೆ ಸೇರಬಹುದು. ಈ ಮೂರು ತಿಂಗಳ ಗಡುವನ್ನು ಗೊತ್ತಿಲ್ಲದೆ ಕಳೆದುಕೊಂಡವರನ್ನು ನಾನು ಬಲ್ಲೆ.

ಕಬ್ಬಿಣದ ಪೆಟ್ಟಿಗೆಯ ಕಾಗದಗಳು

ಕಳೆದುಕೊಂಡ ಮಾತು ಬಂದದ್ದರಿಂದ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನನ್ನ ತಂದೆಯ ಷೇರುಗಳಲ್ಲಿ ಒಂದು ಕಂಪನಿಯದು ಹಳೆಯ ಕಾಗದದ ಪತ್ರ. ಅವರು ತೀರಿಕೊಂಡಾಗ ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಗೆಯೇ ಬಿಟ್ಟೆ. ಆ ಕಂಪನಿ ಮುಂದೆ ಎರಡಾಯಿತು. ಲಾಭಾಂಶದ ಪತ್ರಗಳು ಹಳೆಯ ವಿಳಾಸಕ್ಕೆ ಹೋಗಿ ಹಿಂದಿರುಗಿದವು. ಏಳು ವರ್ಷ ಯಾರೂ ಲಾಭಾಂಶ ಪಡೆಯದಿದ್ದರೆ ಆ ಹಣವೂ, ಅದರ ಹಿಂದೆ ಷೇರುಗಳೂ ಕೇಂದ್ರ ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಸೇರುತ್ತವೆಂದು ನನಗೆ ತಿಳಿದದ್ದು ಸೇರಿದ ಮೇಲೆ. ಸತ್ತುಹೋಗುವುದಿಲ್ಲ, ವಾರಸುದಾರರು ಅರ್ಜಿ ಹಾಕಿ ಮರಳಿ ಪಡೆಯಬಹುದು. ಆದರೆ ಆ ಅರ್ಜಿಯ ಜೊತೆ ಲಗತ್ತಿಸಬೇಕಾದ ಕಾಗದಗಳನ್ನು ಹೊಂದಿಸಲು ನನಗೆ ಒಂದೂವರೆ ವರ್ಷ ಹಿಡಿಯಿತು. ಅಮ್ಮನ ಹೆಸರು ಒಂದು ಕಡೆ ಮೇರಿ, ಇನ್ನೊಂದು ಕಡೆ ಮರಿಯಮ್ಮ. ಸ್ನಾನದೀಕ್ಷೆಯ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು ಇರುವ ನಮ್ಮ ಮನೆಗಳ ಪಾಡು ನಿಮಗೆ ಗೊತ್ತೇ ಇದೆ.

ಪಿ.ಎಫ್. ನಾಮನಿರ್ದೇಶನದ್ದೂ ಇಂಥದೇ ಕಥೆ. ಕೆಲಸಕ್ಕೆ ಸೇರಿದ ದಿನ ಹುಡುಗ ತಾಯಿಯ ಹೆಸರು ಬರೆದಿರುತ್ತಾನೆ. ಸಂಸಾರವಿಲ್ಲದವನು ಬರೆದ ಆ ನಾಮನಿರ್ದೇಶನ ಮದುವೆಯಾದ ಕೂಡಲೇ ಅಸಿಂಧುವಾಗುತ್ತದೆ, ಹೊಸದಾಗಿ ಬರೆದುಕೊಡಬೇಕು ಎಂಬುದು ಎಷ್ಟು ಮಂದಿಗೆ ಗೊತ್ತು? ಮದುವೆಯ ತಯಾರಿಯ ತರಗತಿಗೆ ಬರುವ ಜೋಡಿಗಳಿಗೆ ನಾನೀಗ ಇದನ್ನು ತಪ್ಪದೆ ಹೇಳುತ್ತೇನೆ. ಹುಡುಗಿಯರು ಬರೆದುಕೊಳ್ಳುತ್ತಾರೆ, ಹುಡುಗರು ನಗುತ್ತಾರೆ.

ಆ ಹಿರಿಯರು ಮೂರು ವಾರ ಬಿಟ್ಟು ಮತ್ತೆ ಬಂದರು. ಈ ಸಲ ಜೊತೆಯಲ್ಲಿ ಅವರ ಹೆಂಡತಿಯೂ ಇದ್ದರು. ಮೊಳೆಗಳ ಹಾಳೆಯನ್ನು ಮನೆಯಲ್ಲಿ ತೋರಿಸಿದ್ದರಂತೆ. 28 ಲಕ್ಷ ಎಂಬ ಅಂಕಿಯನ್ನು ಆ ತಾಯಿ ಕಂಡದ್ದು 29 ವರ್ಷದ ದಾಂಪತ್ಯದಲ್ಲಿ ಅದೇ ಮೊದಲು. "ಇಷ್ಟು ಇದೆ ಅಂತ ಗೊತ್ತಿದ್ರೆ ದೊಡ್ಡವಳ ಹೆರಿಗೆಗೆ ಬಳೆ ಅಡ ಇಡ್ತಿರಲಿಲ್ಲ ಸ್ವಾಮಿ" ಎಂದರು, ನಗುತ್ತಲೇ. ಅವರು ತಲೆ ತಗ್ಗಿಸಿ ಕೂತರು.

ಹಣವನ್ನು ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ಕೈಯಲ್ಲಿರುವ ಷೇರುಗಳನ್ನು ಕಂಪನಿ ಒಡೆಯುವವರೆಗೆ ಇಟ್ಟುಕೊಳ್ಳುತ್ತಾರಂತೆ. ಹೊಸದಾಗಿ 20 ಲಕ್ಷಕ್ಕೆ ಕೊಳ್ಳುವ ಮಾತು ಎರಡು ಲಕ್ಷಕ್ಕೆ ಇಳಿದಿದೆಯಂತೆ. ಆ ಎರಡು ಲಕ್ಷದ ಬಗ್ಗೆ ಮನೆಯಲ್ಲಿ ಇನ್ನೂ ಒಪ್ಪಂದವಾಗಿಲ್ಲ. ಸೆಪ್ಟೆಂಬರಿಗೆ ಇನ್ನೂ ಐದು ತಿಂಗಳಿತ್ತು. ಹೊರಡುವಾಗ ಆ ತಾಯಿ ಪಿ.ಎಫ್. ಪುಸ್ತಕದ ನಕಲನ್ನು ಮಡಿಸಿ, ಜಪಸರದ ಜೊತೆ ತಮ್ಮ ಚೀಲದಲ್ಲಿ ಹಾಕಿಕೊಂಡರು.